ಅಡಿಕೆ ಸಿಪ್ಪೆಯಿಂದ ಸೂಪರ್‌ಕೆಪಾಸಿಟರ್ ಎಲೆಕ್ಟ್ರೋಡ್: ಸಿವಿಯಲ್ಲಿ ಎರಡು ಗುಡ್ಡೆ ಯಾಕೆ ಬರ್ತದೆ? ಗೆರಟೆಯೇ ಒಳ್ಳೆದಾ?

ಬೆಳ್ಮಣ್_ಕೆಮಿಸ್ಟ್ರಿ

ನಮಸ್ಕಾರ ಎಲ್ಲರಿಗೂ. ನಾನು ಮಂಗಳೂರಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಲಾಸ್ಟ್ ಇಯರ್, ಮನೆ ಬೆಳ್ಮಣ್ ಹತ್ರ. ಪ್ರಾಜೆಕ್ಟಿಗೆ ಬಯೋಮಾಸ್‌ನಿಂದ ಕಾರ್ಬನ್ ಮಾಡಿ ಅದ್ರಲ್ಲಿ ಸೂಪರ್‌ಕೆಪಾಸಿಟರ್ ಎಲೆಕ್ಟ್ರೋಡ್ ಮಾಡುದು ಅಂತ ಟಾಪಿಕ್ ತಗೊಂಡಿದ್ದೇನೆ. (ಬ್ಯಾಟರಿ ಹಾಗೆ ಚಾರ್ಜ್ ಹಿಡಿದಿಡುವ, ಆದ್ರೆ ಬೇಗ ತುಂಬಿ ಬೇಗ ಖಾಲಿ ಆಗುವ ಸಾಧನ ಅದು.) ನಮ್ದು ಅಡಿಕೆ ತೋಟ, ಚಾಲಿ ಸುಲಿದಾಗ ಸಿಪ್ಪೆ ರಾಶಿ ಬೀಳ್ತದೆ, ಸ್ವಲ್ಪ ಬಚ್ಚಲೊಲೆಗೆ ಹೋಗ್ತದೆ, ಸ್ವಲ್ಪ ಮರದ ಬುಡಕ್ಕೆ, ಬಾಕಿದ್ದು ಅಲ್ಲೇ ಮಳೆಗೆ ಕೊಳೀತದೆ, ಹಾಗಾಗಿ ಅದನ್ನೇ ತಗೊಳ್ಳುವ ಅಂತ ಹೊರಟದ್ದು.

ಈಗ ಒಂದು ಬ್ಯಾಚ್ ಆಗಿದೆ. ಸಿಪ್ಪೆಯನ್ನು ನೀರಲ್ಲಿ ತೊಳ್ದು ಒಣಗಿಸಿ, ನೈಟ್ರೋಜನ್ ಬಿಟ್ಟುಕೊಂಡು 500 ಡಿಗ್ರಿಯಲ್ಲಿ ಇದ್ದಲು ಮಾಡಿ, ರಂಧ್ರ ಆಗ್ಲಿಕ್ಕೆ ಅಂತ ಅದಕ್ಕೆ ಮೂರು ಪಾಲು ಕೆಓಎಚ್ (ಪೊಟ್ಯಾಶಿಯಂ ಹೈಡ್ರಾಕ್ಸೈಡ್) ಸೇರಿಸಿ 800 ಡಿಗ್ರಿಗೆ ಕೊಟ್ಟು, ಆಮೇಲೆ ಎಚ್‌ಸಿಎಲ್ ವಾಶ್ ಮಾಡಿದೆ. ನಿಕಲ್ ಫೋಮಿಗೆ ಹಚ್ಚಿ 6 ಮೋಲಾರ್ ಕೆಓಎಚ್‌ನಲ್ಲಿ ಮೂರು ಎಲೆಕ್ಟ್ರೋಡ್ ಸೆಟಪ್‌ನಲ್ಲಿ ಸಿವಿ (ಸೈಕ್ಲಿಕ್ ವೋಲ್ಟಾಮೆಟ್ರಿ, ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ನೋಡುವ ಗ್ರಾಫ್) ತೆಗೆದ್ರೆ, ಮೈನಸ್ 1ರಿಂದ 0 ವೋಲ್ಟ್ ಒಳಗೆ, ನೀಟಾಗಿ ಆಯತ ಬರಬೇಕಾದಲ್ಲಿ ನಡುವೆ ಎರಡು ಗುಡ್ಡೆ ಎದ್ದು ಕಾಣ್ತಾ ಉಂಟು. ಸೀನಿಯರ್ಸ್ ಹೇಳುದು ಅದು ಸ್ಯೂಡೋಕೆಪಾಸಿಟೆನ್ಸ್ (ಮೇಲ್ಮೈಯ ರಿಯಾಕ್ಷನ್ನಿಂದ ಬರುವ ಹೆಚ್ಚಿನ ಚಾರ್ಜ್), ಒಳ್ಳೆದೇ, ವ್ಯಾಲ್ಯೂ ಜಾಸ್ತಿ ಬರ್ತದೆ ಅಂತ. ಕೆಪಾಸಿಟೆನ್ಸ್, ಅಂದ್ರೆ ಚಾರ್ಜ್ ಹಿಡಿಯುವ ಶಕ್ತಿ, ಲೆಕ್ಕ ಹಾಕಿದ್ರೆ ಗ್ರಾಮಿಗೆ 310 ಫ್ಯಾರಡ್. ನಂಗೆ ಯಾಕೋ ಈ ನಂಬರ್ ಮೇಲೆ ನಂಬಿಕೆ ಬರ್ತಾ ಇಲ್ಲ.

ಹಾಗೆ ಕೇಳುದು, ಈ ಗುಡ್ಡೆ ಎಂತದ್ದು? ಅಡಿಕೆ ಸಿಪ್ಪೆ ಬಿಟ್ಟು ತೆಂಗಿನ ಗೆರಟೆ ತಗೊಂಡ್ರೆ ಒಳ್ಳೆದಾ, ಗೆರಟೆಯಲ್ಲಿ ಆಗ್ಲೇ ಎಷ್ಟೋ ಜನ ಮಾಡಿ ಆಗಿದೆಯಲ್ಲ ಹೊಸತು ಎಂತ ಉಂಟು ಅಂತ ಕೇಳ್ತಾರೆ. ಮತ್ತೆ ಅಪ್ಪ ದಿನಾ ಕೇಳ್ತಾ ಇದ್ದಾರೆ, ಇದ್ರಲ್ಲಿ ನಮ್ಮನೆ ಇನ್ವರ್ಟರ್ ಓಡ್ತದಾ ಅಂತ, ಅವರಿಗೆ ಸರಿಯಾಗಿ ಒಂದು ಉತ್ತರ ಕೊಡ್ಬೇಕು ನಂಗೆ.

ರಂಧ್ರ_ಸುರತ್ಕಲ್

ತಂಗಿ, ನಂಬಿಕೆ ಬರ್ತಾ ಇಲ್ಲ ಅಂತ ಹೇಳಿದಿಯಲ್ಲ, ಅದನ್ನು ಬಿಡ್ಬೇಡ. ನಾನು ಪಿಎಚ್‌ಡಿ ಮಾಡಿದ್ದು ಇದೇ ಪೋರಸ್ ಕಾರ್ಬನ್ ಮೇಲೆ, ಈಗ ಬ್ಯಾಟರಿ ಮಟೀರಿಯಲ್ ಕೆಲಸ. ನಿನ್ನ ಪೋಸ್ಟ್ ಓದಿದ ಕೂಡ್ಲೇ ನಂಗೆ ತಲೆಗೆ ಬಂದದ್ದು ಒಂದೇ ಪ್ರಶ್ನೆ: ನಿಮ್ಮ ತೋಟಕ್ಕೆ ಬೋರ್ಡೋ ಬಿಡ್ತೀರಾ?

ಕೊಳೆರೋಗಕ್ಕೆ ಅಂತ ಮಳೆ ಹಿಡಿಯುವ ಮೊದ್ಲೊಮ್ಮೆ ಆಮೇಲೆ ತಿಂಗಳು ಒಂದೂವರೆ ತಿಂಗಳು ಬಿಟ್ಟು ಇನ್ನೊಮ್ಮೆ ನಮ್ಮ ಕಡೆ ಎಲ್ಲರೂ ಗೊನೆಗೆ ಬಿಡುದೇ. ಒಂದು ಪರ್ಸೆಂಟ್ ದ್ರಾವಣ ಅಂದ್ರೆ 100 ಲೀಟರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಅದು ಮಳೆಗೆ ತೊಳ್ದು ಹೋಗ್ಬಾರ್ದು, ಕಾಯಿಗೆ ಕಚ್ಚಿ ಕೂತ್ಕೊಳ್ಬೇಕು ಅಂತಲೇ ಮಾಡಿದ ಮದ್ದು. ಹಾಗಿರುವಾಗ ನೀನು ಬರೀ ನೀರಲ್ಲಿ ತೊಳ್ದ್ರೆ ಅದು ಹೋಗುದಾದ್ರೂ ಹೇಗೆ? ಸಿಪ್ಪೆಯ ಹೊರಮೈಯಲ್ಲಿ ತಾಮ್ರ ಇರ್ತದೆ, ಸುಟ್ಟಾಗ ಸುತ್ತ ಕಾರ್ಬನ್ನೇ ಇರುದ್ರಿಂದ ಅದು ರಿಡ್ಯೂಸ್ ಆಗಿ ತಾಮ್ರದ ಲೋಹವೇ ಆಗಿಬಿಡ್ತದೆ, ಸಣ್ಣ ಸಣ್ಣ ಕಣ. ಈಗ ಮುಖ್ಯ ವಿಷಯ ಇಲ್ಲಿರುದು: ಕೊನೆಗೆ ನೀನು ಮಾಡಿದ ಎಚ್‌ಸಿಎಲ್ ವಾಶಿಗೆ ಸುಣ್ಣ ಹೋಗ್ತದೆ, ಪೊಟ್ಯಾಶಿಯಂ ಕಾರ್ಬೊನೇಟ್ ಹೋಗ್ತದೆ, ಆದ್ರೆ ತಾಮ್ರದ ಲೋಹ ಡೈಲ್ಯೂಟ್ ಎಚ್‌ಸಿಎಲ್‌ಗೆ ಸುಲಭದಲ್ಲಿ ಕರಗುದಿಲ್ಲ. ಅದು ಕಾರ್ಬನ್ ಒಳಗೆ ಹಾಗೇ ಕೂತಿರ್ತದೆ. ಆಮೇಲೆ ಕೆಓಎಚ್‌ನಲ್ಲಿ ಸಿವಿ ತೆಗೆಯುವಾಗ ಅದೇ ತಾಮ್ರ ಆಕ್ಸೈಡ್ ಆಗ್ತದೆ, ವಾಪಸ್ ರಿಡ್ಯೂಸ್ ಆಗ್ತದೆ, ನೀನು ಹೇಳಿದ ವೋಲ್ಟೇಜ್ ವಿಂಡೋದ ಒಳಗೇ ಗುಡ್ಡೆ ಕೊಡ್ತದೆ. ಕಾರ್ಬನ್ ಮೇಲಿರುವ ಆಕ್ಸಿಜನ್ ಗ್ರೂಪ್‌ಗಳಿಂದಲೂ ಗುಡ್ಡೆ ಬರಬಹುದು, ಇಲ್ಲ ಅಂತಲ್ಲ, ಆದ್ರೆ ಅಡಿಕೆ ಸಿಪ್ಪೆ ಅಂದ್ರೆ ನಾನು ಮೊದ್ಲು ತಾಮ್ರ ನೋಡ್ತೇನೆ.

ಚೆಕ್ ಮಾಡ್ಲಿಕ್ಕೆ ದೊಡ್ಡ ಮೆಷಿನ್ ಬೇಡ. ಸ್ವಲ್ಪ ಜಾಸ್ತಿಯೇ ಸಿಪ್ಪೆ ತಗೊಂಡು ಮಫಲ್ ಫರ್ನೇಸಲ್ಲಿ ಗಾಳಿಯಲ್ಲೇ ಪೂರ್ತಿ ಬೂದಿ ಮಾಡು, ಆ ಬೂದಿಯನ್ನು ಡೈಲ್ಯೂಟ್ ನೈಟ್ರಿಕ್ ಆಸಿಡಲ್ಲಿ ಕರಗಿಸಿ ಸೋಸು, ಅದಕ್ಕೆ ಅಮೋನಿಯಾ ಹನಿ ಹನಿ ಹಾಕಿ ಜಾಸ್ತಿ ಮಾಡ್ತಾ ಹೋಗು. ತಾಮ್ರ ಇದ್ರೆ ದಟ್ಟ ನೀಲಿ ಬರ್ತದೆ, ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ನೋಡಿದ್ದೇ ನೀಲಿ. ಬಣ್ಣ ಬಂದ್ರೆ ವಿಷಯ ಮುಗೀತು.

ಪರಿಹಾರ ಎಂತ ಅಂದ್ರೆ ಆಸಿಡ್ ವಾಶ್ ಸುಡುವ ಮೊದ್ಲೇ ಮಾಡ್ಬೇಕು. ಸುಡದ ಸಿಪ್ಪೆಯಲ್ಲಿ ತಾಮ್ರ ಇನ್ನೂ ಬೋರ್ಡೋ ರೂಪದಲ್ಲೇ ಇರ್ತದೆ, ಅದು ಆಸಿಡಿಗೆ ಸಲೀಸಾಗಿ ಕರಗ್ತದೆ. ಡೈಲ್ಯೂಟ್ ಎಚ್‌ಸಿಎಲ್‌ನಲ್ಲಿ ಒಂದು ರಾತ್ರಿ ನೆನೆಹಾಕು, ಸಿಟ್ರಿಕ್ ಆಸಿಡ್ ಆದ್ರೂ ಅಡ್ಡಿಲ್ಲ, ಮತ್ತೆ ಡಿಸ್ಟಿಲ್ಡ್ ನೀರಲ್ಲಿ ಚೆನ್ನಾಗಿ ತೊಳೆ. ಹೋಲಿಕೆಗೆ ಬೋರ್ಡೋ ಬೀಳದ ಸಿಪ್ಪೆ ಸಿಕ್ಕಿದ್ರೆ ಇನ್ನೂ ಒಳ್ಳೆದು, ಶಿರಸಿ ಕಡೆ ಕೆಲವರು ಮದ್ದು ಬಿಡುವ ಬದಲು ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ತಾರೆ, ಅಲ್ಲಿಂದ ತರಿಸ್ಲಿಕ್ಕಾಗ್ತದಾ ನೋಡು.

310ರ ವಿಷಯ ಇನ್ನೊಂದುಂಟು. ರಿಯಾಕ್ಷನ್ ಇಲ್ಲದೆ ಅಯಾನು ಕಾರ್ಬನ್ ಗೋಡೆಗೆ ಅಂಟಿ ಚಾರ್ಜ್ ಹಿಡಿಯುದಕ್ಕೆ ಡಬಲ್ ಲೇಯರ್ ಅಂತ ಹೇಳುದು. ಡಬಲ್ ಲೇಯರ್‌ನಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 10 ಮೈಕ್ರೋಫ್ಯಾರಡ್ ಅಂತ ಇಟ್ಕೊ. ಗ್ರಾಮಿಗೆ 1000 ಚದರ ಮೀಟರ್ ಮೇಲ್ಮೈ ಇದ್ರೆ ಲೆಕ್ಕಕ್ಕೆ 100 ಫ್ಯಾರಡ್ ಆಗ್ತದೆ. 2000 ಆದ್ರೆ 200. ನಿನ್ನ ಬಿಇಟಿ ವ್ಯಾಲ್ಯೂ (ಅಳೆದ ಮೇಲ್ಮೈ) ಸಾವಿರದ ಆಸುಪಾಸು ಬಂದು ಕೆಪಾಸಿಟೆನ್ಸ್ ಮಾತ್ರ 300 ದಾಟಿದ್ರೆ ಉಳಿದದ್ದು ಎಲ್ಲಿಂದ ಬಂತು ಅಂತ ನೀನೇ ಹುಡುಕ್ಬೇಕಾಗ್ತದೆ, ತಾಮ್ರವೋ, ನಿಕಲ್ ಫೋಮೋ, ತೂಕದಲ್ಲಿ ತಪ್ಪಿದ್ದೋ. ಒಂದೋ ಎರಡೋ ಮಿಲಿಗ್ರಾಂ ಹಚ್ಚಿ ಅಳೆಯುವಾಗ ತಕ್ಕಡಿಯ ಕೊನೆಯ ಅಂಕಿ ಅಲ್ಲಾಡಿದ್ರೂ ರಿಸಲ್ಟ್ ಹತ್ತಿಪ್ಪತ್ತು ಪರ್ಸೆಂಟ್ ಹಾರ್ತದೆ.

ಹಾಗಾಗಿ ಎರಡು ಎಲೆಕ್ಟ್ರೋಡ್ ಸೆಲ್ ಮಾಡ್ಲೇಬೇಕು. ಒಂದೇ ತೂಕದ ಎರಡು ಎಲೆಕ್ಟ್ರೋಡ್, ನಡುವೆ ಫಿಲ್ಟರ್ ಪೇಪರ್, ಚಾರ್ಜ್ ಡಿಸ್ಚಾರ್ಜ್ ತೆಗೆ. ಮೂರು ಎಲೆಕ್ಟ್ರೋಡ್‌ನಲ್ಲಿ ಗ್ರಾಮಿಗೆ 200 ಫ್ಯಾರಡ್ ಬಂದ ಕಾರ್ಬನ್ನು ಸೆಲ್ ಆದಾಗ, ಎರಡೂ ಎಲೆಕ್ಟ್ರೋಡ್ ತೂಕ ಸೇರಿಸಿ ನೋಡಿದ್ರೆ, ಗ್ರಾಮಿಗೆ 50 ಮಾತ್ರ. ಸರಣಿಯಲ್ಲಿ ಇರುದ್ರಿಂದ ಅರ್ಧ, ತೂಕ ಎರಡು ಪಟ್ಟು ಆದದ್ದಕ್ಕೆ ಇನ್ನೊಂದು ಅರ್ಧ. 1 ವೋಲ್ಟಿನಲ್ಲಿ ಅದು ಕೆಜಿಗೆ ಸುಮಾರು 7 ವ್ಯಾಟ್‌ಅವರ್. ಕೆಲವರು 200ನ್ನೇ ನೇರ ಸೂತ್ರಕ್ಕೆ ಹಾಕಿ 28 ಅಂತ ಬರೀತಾರೆ, ನಾಲ್ಕು ಪಟ್ಟು ಜಾಸ್ತಿ. ನಿನ್ನ ರಿಪೋರ್ಟಲ್ಲಿ ದಯವಿಟ್ಟು 7 ಅಂತಲೇ ಬರಿ.

ಗೆರಟೆ_ಇದ್ದಲು

ನಾನು ಓದಿದ್ದು ಕಮ್ಮಿ ಆದ್ರೆ ಈ ಇದ್ದಲು ಕಸುಬಲ್ಲಿ ಹುಟ್ಟಿ ಬೆಳ್ದವ, ಗೆರಟೆ ಇದ್ದಲು ಮಾಡಿ ಆಕ್ಟಿವೇಟೆಡ್ ಕಾರ್ಬನ್ ಕಂಪೆನಿಗಳಿಗೆ ಕೊಡುದು ನಮ್ಮ ಕೆಲಸ. ಗೆರಟೆ ಯಾಕೆ ಒಳ್ಳೆದು ಅಂದ್ರೆ ಒಂದನೇದಾಗಿ ಗಟ್ಟಿ, ಇದ್ದಲು ಮಾಡಿದ್ರೂ ಕೈಗೆ ಪುಡಿ ಆಗುದಿಲ್ಲ ಕಲ್ಲಿಗೆ ಬಿದ್ರೆ ಟಣ್ ಅಂತ ಶಬ್ದ ಬರ್ತದೆ, ಎರಡನೇದು ಬೂದಿ ತುಂಬಾ ಕಮ್ಮಿ. ನೂರು ಕೆಜಿ ಒಣ ಗೆರಟೆಗೆ ಇಪ್ಪತ್ತೈದು ಮೂವತ್ತು ಕೆಜಿ ಇದ್ದಲು ಸಿಗ್ತದೆ. ಕಂಪೆನಿಯವರು ಅದನ್ನು ಒಂಬೈನೂರು ಡಿಗ್ರಿ ಹತ್ರ ಸ್ಟೀಮ್ ಬಿಟ್ಟು ಆಕ್ಟಿವೇಟ್ ಮಾಡ್ತಾರೆ, ಆಸಿಡ್ ಅಲ್ಕಲಿ ಎಂತದೂ ಹಾಕುದಿಲ್ಲ, ಸ್ಟೀಮೇ ಕಾರ್ಬನ್ನನ್ನು ಸ್ವಲ್ಪ ಸ್ವಲ್ಪ ತಿಂದು ತೂತು ಮಾಡುದು. ಅಲ್ಲಿ ಅಯೋಡಿನ್ ವ್ಯಾಲ್ಯೂ ಅಂತ, ಅಂದ್ರೆ ಎಷ್ಟು ಅಯೋಡಿನ್ ಹೀರ್ತದೆ ಅಂತ ನೋಡಿ ರೇಟ್ ಮಾಡುದು, ನೀರು ಫಿಲ್ಟರಿಗೆ ಬೇರೆ ಗ್ರೇಡ್, ಚಿನ್ನದ ಗಣಿಗೆ ಬೇರೆ ಗ್ರೇಡ್.

ಅಡಿಕೆ ಸಿಪ್ಪೆ ಇದ್ದಲು ನಾವು ಮಾಡಿ ನೋಡಿದ್ದುಂಟು ಮಾರಾಯ್ರೆ. ಹಗುರ, ನಾರು ನಾರು, ಗೋಣಿ ತುಂಬಿದ್ರೂ ತೂಕ ಬರುದಿಲ್ಲ, ಗೂಡಿಂದ ತೆಗೆಯುವಾಗ ಅರ್ಧ ಧೂಳು. ಮಾರುವ ಲೆಕ್ಕದಲ್ಲಿ ನಂಗೆ ಅದು ಆಗುದಿಲ್ಲ. ಆದ್ರೆ ನಿಮ್ಮ ಕೆಲಸಕ್ಕೆ ಹೇಗೂ ಅರೆದು ಪುಡಿ ಮಾಡುದಲ್ವಾ, ಗಟ್ಟಿತನ ಬೇಕಾ? ಗೊತ್ತಿದ್ದವರು ಹೇಳಿ. ಗೇರುಬೀಜದ ಸಿಪ್ಪೆ ಮಾತ್ರ ಹಸಿ ತಗೊಳ್ಬೇಡಿ, ಅದ್ರ ಎಣ್ಣೆ ಕೈಗೆ ತಾಗಿದ್ರೆ ಬೊಕ್ಕೆ ಏಳ್ತದೆ, ಸುಡುವಾಗ ಹೊಗೆಯೂ ಕಣ್ಣು ಬಿಡ್ಲಿಕ್ಕೆ ಬಿಡುದಿಲ್ಲ. ಎಣ್ಣೆ ತೆಗ್ದ ಹಿಂಡಿ ಫ್ಯಾಕ್ಟರಿಗಳಲ್ಲಿ ಸಿಗ್ತದೆ, ಬೇಕಿದ್ರೆ ಅದು ನೋಡಿ.

ರಂಧ್ರ_ಸುರತ್ಕಲ್

ಅಣ್ಣಾ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಪುಡಿ ಮಾಡುದೇ ಆದ್ರೂ ಗಟ್ಟಿತನ ಲೆಕ್ಕಕ್ಕೆ ಬರ್ತದೆ, ಯಾಕಂದ್ರೆ ಪುಡಿಯ ಕಣ ಎಷ್ಟು ದಟ್ಟ ಉಂಟು ಅನ್ನುದ್ರ ಮೇಲೆ ಒಂದು ಡಬ್ಬದೊಳಗೆ ಎಷ್ಟು ಕಾರ್ಬನ್ ಹಿಡೀತದೆ ಅನ್ನುದು ನಿರ್ಧಾರ ಆಗುದು. ಸಿಪ್ಪೆಯ ಹಗುರ ಕಾರ್ಬನ್ನು ಗ್ರಾಮ್ ಲೆಕ್ಕದಲ್ಲಿ ಚಂದ ಕಾಣ್ತದೆ, ಘನ ಸೆಂಟಿಮೀಟರ್ ಲೆಕ್ಕದಲ್ಲಿ ಸೋಲ್ತದೆ. ಮಾರ್ಕೆಟಲ್ಲಿ ಸಿಗುವ ಸೂಪರ್‌ಕೆಪಾಸಿಟರ್ ಬಿಚ್ಚಿದ್ರೆ ಒಳಗಿರುದು ಹೆಚ್ಚಾಗಿ ಗೆರಟೆ ಕಾರ್ಬನ್ನೇ. ಜಪಾನಿನ ಕುರಾರೆ ಕಂಪೆನಿಯ ವೈಪಿ 50 ಎಫ್ ಅಂತ ಒಂದು ಪುಡಿ ಉಂಟು, ಲೋಕದ ಎಷ್ಟೋ ಲ್ಯಾಬಲ್ಲಿ ಹೋಲಿಕೆಗೆ ಅದನ್ನೇ ಇಡುದು, ಅದು ಗೆರಟೆಯದ್ದು. ಸ್ಟೀಮ್ ಮಾಡಿದ ಗೆರಟೆಯಲ್ಲಿ ರಂಧ್ರಗಳು ಹೆಚ್ಚಿನದ್ದು ಒಂದೆರಡು ನ್ಯಾನೋಮೀಟರಿನ ಒಳಗೆ ಇರ್ತವೆ. 2006ರಲ್ಲಿ ಕಾರ್ಬೈಡಿಂದ ಮಾಡಿದ ಕಾರ್ಬನ್ ಮೇಲೆ ಒಂದು ಕೆಲಸ ಬಂತು, ರಂಧ್ರ 1 ನ್ಯಾನೋಮೀಟರಿಗಿಂತ ಸಣ್ಣದಾದಾಗ ಕೆಪಾಸಿಟೆನ್ಸ್ ಕಮ್ಮಿ ಆಗುದಲ್ಲ, ಏರ್ತದೆ ಅಂತ ತೋರಿಸಿದ್ರು. ಅಯಾನು ತನ್ನ ಸುತ್ತ ಇದ್ದ ನೀರಿನ ಕಣಗಳನ್ನೋ ಸಾಲ್ವೆಂಟನ್ನೋ ಸ್ವಲ್ಪ ಕಳಚಿ ಒಳಗೆ ನುಗ್ತದೆ, ಗೋಡೆಗೆ ಹತ್ರ ಆಗ್ತದೆ. ಹಾಗಾಗಿ ದೊಡ್ಡ ದೊಡ್ಡ ತೂತು ಇದ್ರೆ ಒಳ್ಳೆದು ಅಂತ ಇಲ್ಲ.

ಹೊಸತನದ ಪ್ರಶ್ನೆಗೆ ನನ್ನ ಅಭಿಪ್ರಾಯ ನೇರ ಹೇಳ್ತೇನೆ. ಯಾರೂ ಮುಟ್ಟದ ಸಿಪ್ಪೆ ಹುಡುಕಿ ಅದನ್ನು ಕೆಓಎಚ್‌ನಲ್ಲಿ ಸುಡುದು ಹೊಸತಲ್ಲ. ಅಷ್ಟೊಂದು ಕೆಓಎಚ್ ಹಾಕಿದ ಮೇಲೆ ಮೊದಲಿನ ಸಿಪ್ಪೆಯ ಗುಣ ಎಷ್ಟು ಉಳೀತದೆ? ಆದ್ರೆ ಬೋರ್ಡೋ ಬಿದ್ದ ಸಿಪ್ಪೆ, ಬೀಳದ ಸಿಪ್ಪೆ, ಮೊದ್ಲೇ ಆಸಿಡ್ ವಾಶ್ ಮಾಡಿದ್ದು, ಸುಟ್ಟ ಮೇಲೆ ಮಾಡಿದ್ದು, ಇವುಗಳ ಸಿವಿ ಪಕ್ಕಪಕ್ಕ ಇಟ್ಟು ಸೆಲ್ಫ್ ಡಿಸ್ಚಾರ್ಜ್ ಅಳೆದು ತೋರಿಸಿದ್ರೆ ಅದು ನಮ್ಮ ಊರಿನ ಅಡಿಕೆಗೇ ಸೇರಿದ ವಿಷಯ, ಬೇರೆಯವರಿಗೂ ಉಪಯೋಗಕ್ಕೆ ಬರ್ತದೆ. ತಾಮ್ರ, ಕಬ್ಬಿಣದಂಥ ಲೋಹ ಒಳಗೆ ಉಳಿದ್ರೆ ಚಾರ್ಜ್ ಮಾಡಿಟ್ಟ ಸೆಲ್ ಸುಮ್ಮನೆ ಇಟ್ರೂ ಬೇಗ ಇಳೀತದೆ, ಇದನ್ನು ಯಾರೂ ಅಷ್ಟಾಗಿ ಅಳೆಯುದಿಲ್ಲ.

ಲ್ಯಾಬ್_ಮೇಡಂ_ಮಣಿಪಾಲ

ಎಲ್ಲರೂ ಕೆಓಎಚ್ ಕೆಓಎಚ್ ಅಂತ ಹೇಳ್ತಾ ಇದ್ದೀರಿ, ಅದ್ರ ಅಪಾಯ ಯಾರೂ ಹೇಳಿಲ್ಲ, ಹಾಗಾಗಿ ನಾನು ಹೇಳ್ತೇನೆ, ಸ್ವಲ್ಪ ಉದ್ದ ಆದ್ರೂ ಓದು ಮಗಾ. 700 ಡಿಗ್ರಿ ದಾಟಿದ ಮೇಲೆ ಕೆಓಎಚ್, ಅದ್ರಿಂದ ಆದ ಕಾರ್ಬೊನೇಟ್, ಕಾರ್ಬನ್ ಜೊತೆ ರಿಯಾಕ್ಟ್ ಆಗಿ ಪೊಟ್ಯಾಶಿಯಂ ಲೋಹವೇ ಹುಟ್ತದೆ. ಆಕ್ಟಿವೇಶನ್ ಅಷ್ಟು ಚೆನ್ನಾಗಿ ಆಗುದಕ್ಕೆ ಅದೂ ಒಂದು ಕಾರಣ, ಲೋಹದ ಆವಿ ಕಾರ್ಬನ್ ಪದರಗಳ ನಡುವೆ ನುಗ್ಗಿ ಅಗಲಿಸ್ತದೆ. ಪೊಟ್ಯಾಶಿಯಂ ಕುದಿಯುದು ಸುಮಾರು 759 ಡಿಗ್ರಿಗೆ, ನೀನು ಕೊಟ್ಟದ್ದು 800, ಅಂದ್ರೆ ಆವಿ ಹೋಗಿ ಟ್ಯೂಬಿನ ತಣ್ಣಗಿನ ತುದಿಯಲ್ಲಿ ಕೂತಿರ್ತದೆ. ಅವಸರದಲ್ಲಿ ಬಿಸಿ ಇರುವಾಗ್ಲೇ ತೆರೆದು, ಅಥವಾ ಒದ್ದೆ ಬಟ್ಟೆಯಲ್ಲಿ ಆ ತುದಿ ಒರೆಸ್ಲಿಕ್ಕೆ ಹೋದ್ರೆ ಬೆಂಕಿ. ಪೂರ್ತಿ ತಣಿಯುವ ತನಕ ನೈಟ್ರೋಜನ್ ನಿಲ್ಲಿಸ್ಲೇಬಾರ್ದು, ರಾತ್ರಿ ಆದ್ರೂ ಸರಿ. ಸ್ಯಾಂಪಲ್ ತೆಗೆದು ಫ್ಯೂಮ್ ಹುಡ್ ಒಳಗೆ ವಾಶಿಗೆ ಸ್ವಲ್ಪ ಸ್ವಲ್ಪವೇ ಹಾಕುದು, ಕನ್ನಡಕ ಹಾಕಿಕೊಂಡೇ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿಯ ತೇವ ಎಷ್ಟಿರ್ತದೆ ಅಂತ ನಿನಗೆ ಹೇಳುದು ಬೇಡ.

ಮತ್ತೆ ಪಾತ್ರೆ ಯಾವುದು ಇಟ್ಟದ್ದು? ಅಲ್ಯುಮಿನಾ ಬೋಟ್ ಆದ್ರೆ ಕರಗಿದ ಕೆಓಎಚ್ ಅದನ್ನು ತಿಂತದೆ, ಕ್ವಾರ್ಟ್ಜ್ ಟ್ಯೂಬನ್ನೂ ಬಿಡುದಿಲ್ಲ, ಆ ಅಲ್ಯುಮಿನಿಯಂ ಸಿಲಿಕಾ ಎಲ್ಲ ನಿನ್ನ ಕಾರ್ಬನ್ನಿಗೇ ಬಂದು ಸೇರುದು. ನಿಕಲ್ ಬೋಟ್ ಬೇಕು. ನನ್ನನ್ನು ಕೇಳಿದ್ರೆ ಎಂಎಸ್ಸಿ ಪ್ರಾಜೆಕ್ಟಿಗೆ ಪೊಟ್ಯಾಶಿಯಂ ಕಾರ್ಬೊನೇಟ್ ಸಾಕು, ಕೈಗೆ ಅಷ್ಟು ಸುಡುದಿಲ್ಲ, ಪಾತ್ರೆಗೂ ಸ್ವಲ್ಪ ಮೃದು, ಆದ್ರೆ 800ರಲ್ಲಿ ಅದರಿಂದಲೂ ಪೊಟ್ಯಾಶಿಯಂ ಬರ್ತದೆ, ನೈಟ್ರೋಜನ್ ವಿಷಯ ಅದಕ್ಕೂ ಅಷ್ಟೇ. ಇನ್ನೊಂದು ದಾರಿ ಫಾಸ್ಫಾರಿಕ್ ಆಸಿಡ್, 450 ಡಿಗ್ರಿ ಸುತ್ತ ಆಗಿ ಹೋಗ್ತದೆ, ಆದ್ರೆ ಅಷ್ಟು ಕಮ್ಮಿ ಉಷ್ಣದಲ್ಲಿ ಮಾಡಿದ ಕಾರ್ಬನ್ ಕರೆಂಟ್ ಸರಿಯಾಗಿ ಹಾಯಿಸುದಿಲ್ಲ, ಮತ್ತೊಮ್ಮೆ 800ಕ್ಕೆ ನೈಟ್ರೋಜನ್‌ನಲ್ಲಿ ಕೊಡ್ಬೇಕು.

ಯಾರಾದ್ರೂ ಓದಿ ಮನೆಯಲ್ಲಿ ಒಲೆ ಮೇಲೆ ಕೆಓಎಚ್ ಹಾಕಿ ಟ್ರೈ ಮಾಡುವವರಿದ್ರೆ ದಮ್ಮಯ್ಯ ಬೇಡ.

ಸರ್ಕ್ಯೂಟ್_ಉಡುಪಿ

ಅಪ್ಪನ ಪ್ರಶ್ನೆಗೆ ನಾನು ಉತ್ತರ ಕೊಡ್ತೇನೆ, ನಂದು ಇನ್ವರ್ಟರ್ ಸೋಲಾರ್ ಕೆಲಸವೇ. ಮನೆ ಇನ್ವರ್ಟರಿನ 150 ಆಂಪಿಯರ್‌ಅವರ್ 12 ವೋಲ್ಟ್ ಬ್ಯಾಟರಿ ಅಂದ್ರೆ 1800 ವ್ಯಾಟ್‌ಅವರ್. ತೂಕ ಐವತ್ತು ಅರವತ್ತು ಕೆಜಿ, ಇಬ್ಬರು ಹಿಡಿದು ಎತ್ತುದು. ಪ್ಯಾಕ್ ಆಗಿ ಬರುವ ಸೂಪರ್‌ಕೆಪಾಸಿಟರ್ ಕೆಜಿಗೆ 5-6 ವ್ಯಾಟ್‌ಅವರ್, ಅಷ್ಟೇ ಹಿಡಿಸ್ಬೇಕಾದ್ರೆ 300 ಕೆಜಿ ಮೇಲೆ ಬೇಕು. ವೋಲ್ಟೇಜ್ ಕೂಡ ಬ್ಯಾಟರಿ ಹಾಗೆ ನಿಲ್ಲುದಿಲ್ಲ, ಖಾಲಿ ಆಗ್ತಾ ಹೋದ ಹಾಗೆ ಇಳೀತಾ ಹೋಗ್ತದೆ. ಹಾಗಾಗಿ ಇನ್ವರ್ಟರ್ ಬ್ಯಾಟರಿ ಬದಲಿಗೆ ಇದು ಆಗುದಿಲ್ಲ ಅಂತ ಅಪ್ಪನಿಗೆ ಖಡಾಖಂಡಿತ ಹೇಳಿ.

ಆದ್ರೆ ಅಪ್ರಯೋಜಕ ಅಂತ ಅಲ್ಲ. ಬ್ಯಾಟರಿ ಬಾವಿ ಆದ್ರೆ ಇದು ಕೊಡಪಾನ, ಹಿಡಿಯುದು ಸ್ವಲ್ಪ, ತುಂಬಿಸುದೂ ಖಾಲಿ ಮಾಡುದೂ ಕ್ಷಣದಲ್ಲಿ. ಲಕ್ಷಗಟ್ಟಲೆ ಸಲ ಚಾರ್ಜ್ ಮಾಡಿದ್ರೂ ತಡೀತದೆ, ಯಾಕಂದ್ರೆ ಒಳಗೆ ರಿಯಾಕ್ಷನ್ ಅಂತ ಇಲ್ಲ, ಅಯಾನು ಬಂದು ಗೋಡೆಗೆ ಅಂಟಿ ಬಿಟ್ಟು ಹೋಗುದಷ್ಟೇ. ಶಾಂಘೈನಲ್ಲಿ 2006ರಿಂದ ಸೂಪರ್‌ಕೆಪಾಸಿಟರ್ ಬಸ್ ಓಡಿದ್ದುಂಟು, ಸ್ಟಾಪಲ್ಲಿ ಜನ ಹತ್ತಿ ಇಳಿಯುವಷ್ಟರಲ್ಲಿ ಚಾರ್ಜ್. ಗಾಳಿಯಂತ್ರದ ರೆಕ್ಕೆ ತಿರುಗಿಸುವ ಮೋಟರಿಗೆ ಬ್ಯಾಕಪ್ ಆಗಿ ಇಡ್ತಾರೆ. ತೋಟದ ಪಂಪ್ ಸ್ಟಾರ್ಟ್ ಆಗುವಾಗ ಬೇಕಾಗುವ ಜೋರು ಕರೆಂಟಿಗೆ ಬ್ಯಾಟರಿ ಜೊತೆಗೆ ಇದನ್ನು ಇಟ್ರೆ ಬ್ಯಾಟರಿಗೆ ಬೀಳುವ ಪೆಟ್ಟು ಕಮ್ಮಿ ಆಗ್ತದೆ.

ವೈವಾ ದಿನ ಎಲ್‌ಇಡಿ ಉರಿಸಿ ತೋರಿಸುದು ಅಂತ ಇರ್ತದಲ್ವಾ, ಅದಕ್ಕೆ ಲೆಕ್ಕ ಹೀಗೆ. ಎಲೆಕ್ಟ್ರೋಡಿಗೆ 5 ಮಿಲಿಗ್ರಾಂ, ಗ್ರಾಮಿಗೆ 200 ಅಂದ್ರೆ ಒಂದೊಂದು ಎಲೆಕ್ಟ್ರೋಡ್ 1 ಫ್ಯಾರಡ್, ಸೆಲ್ ಅರ್ಧ ಫ್ಯಾರಡ್, 1 ವೋಲ್ಟ್. ಅಂಥ ಎರಡು ಸೆಲ್ ಸರಣಿಯಲ್ಲಿ ಇಟ್ರೆ ಕಾಲು ಫ್ಯಾರಡ್, 2 ವೋಲ್ಟ್. ಕೆಂಪು ಎಲ್‌ಇಡಿ 1.6 ವೋಲ್ಟ್ ತನಕ ಉರೀತದೆ ಅಂತ ಇಟ್ಕೊಂಡ್ರೆ 0.4 ವೋಲ್ಟ್ ಇಳಿಯುವ ತನಕ ಸಿಗುದು 0.1 ಕೂಲಂಬ್, 1 ಮಿಲಿಆಂಪಿಯರ್ ಎಳೆದ್ರೆ 100 ಸೆಕೆಂಡ್. ಬಿಳಿ ಎಲ್‌ಇಡಿ ಇಡ್ಬೇಡಿ, ಅದಕ್ಕೆ 3 ವೋಲ್ಟ್ ಹತ್ರ ಬೇಕು, ನೀರಿನ ಎಲೆಕ್ಟ್ರೋಲೈಟಲ್ಲಿ ಒಂದು ಸೆಲ್ಲಿಗೆ 1 ವೋಲ್ಟ್ ಮೇಲೆ ಜಾಸ್ತಿ ಹೋಗ್ಲಿಕ್ಕಾಗುದಿಲ್ಲ, 1.23ಕ್ಕೆ ನೀರೇ ಒಡೀಲಿಕ್ಕೆ ಶುರು.

ಮಲ್ಪೆ_ದಕ್ಕೆ

ಹ್ವಾಯ್, ಸಿಗಡಿ ಚಿಪ್ಪಿಂದ ಆಗುದಿಲ್ವಾ ಇದು? ನಮ್ಮಲ್ಲಿ ಸಿಗಡಿ ಸುಲಿಯುವಲ್ಲಿ ರಾಶಿ ಬೀಳ್ತದೆ, ವಾಸನೆಗೆ ಹತ್ರ ಹೋಗ್ಲಿಕ್ಕಾಗುದಿಲ್ಲ.

ರಂಧ್ರ_ಸುರತ್ಕಲ್

ಆಗ್ತದೆ, ನಂಗೆ ಅದು ತುಂಬಾ ಇಷ್ಟದ ಕಚ್ಚಾಮಾಲು. ಚಿಪ್ಪಲ್ಲಿ ಕೈಟಿನ್ ಉಂಟು, ಅದ್ರಲ್ಲಿ ಸುಮಾರು 7 ಪರ್ಸೆಂಟ್ ನೈಟ್ರೋಜನ್ ಇರ್ತದೆ, ಸುಟ್ಟ ಮೇಲೂ ಒಂದಷ್ಟು ಕಾರ್ಬನ್ ಒಳಗೆ ಉಳಿದು ನೀರನ್ನು ಚೆನ್ನಾಗಿ ಎಳ್ಕೊಳ್ಳುವ ಹಾಗೆ ಮಾಡ್ತದೆ. ಜೊತೆಗಿರುವ ಕ್ಯಾಲ್ಶಿಯಂ ಕಾರ್ಬೊನೇಟ್ ಅಚ್ಚಿನ ಕೆಲಸ ಮಾಡ್ತದೆ, ಸುಟ್ಟು ಎಚ್‌ಸಿಎಲ್‌ಗೆ ಹಾಕಿದ್ರೆ ಅದು ಕರಗಿ ಹೋದ ಜಾಗದಲ್ಲೆಲ್ಲ ರಂಧ್ರ. ತೊಳೆದು ಬಿಸಿಲಿಗೆ ಒಣಗಿಸಿ ಇಟ್ಟದ್ದು ಇದ್ರೆ ಮೆಸೇಜ್ ಮಾಡಿ, ನಾನೇ ಬಂದು ತಗೊಂಡು ಹೋಗ್ತೇನೆ.

ಬೆಳ್ಮಣ್_ಕೆಮಿಸ್ಟ್ರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೂದಿ ಮಾಡಿ ಅಮೋನಿಯಾ ಟೆಸ್ಟ್ ಮಾಡಿದೆ ಸರ್, ನೀಲಿ ಬಂತು! ದಟ್ಟ ಅಂತ ಅಲ್ಲ, ಆದ್ರೆ ಬಿಳಿ ಕಾಗದ ಹಿಂದೆ ಹಿಡಿದ್ರೆ ಚೆನ್ನಾಗಿ ಗೊತ್ತಾಗ್ತದೆ. ಪಕ್ಕದಲ್ಲಿ ಗೆರಟೆ ಬೂದಿಯದ್ದೂ ಇಟ್ಟಿದ್ದೆ, ಅದ್ರಲ್ಲಿ ಬಣ್ಣವೇ ಇಲ್ಲ. ಗೈಡಿಗೆ ತೋರಿಸಿದೆ, ಬೋರ್ಡೋ ಹೋಲಿಕೆಯನ್ನೇ ಪ್ರಾಜೆಕ್ಟ್ ಮಾಡುವ ಅಂತ ಒಪ್ಪಿದ್ರು. ಬೋಟ್ ಅಲ್ಯುಮಿನಾದ್ದೇ ಇತ್ತು ಮೇಡಂ, ಇನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ನಿಕಲ್ ಬೋಟ್.

ಒಂದು ಡೌಟ್ ಮಾತ್ರ. ಸಿಪ್ಪೆ ನೆನೆಹಾಕಿದ ಆಸಿಡ್ ನೀರು ಬಕೆಟ್‌ಗಟ್ಟಲೆ ಆಗ್ತದೆ, ಅದ್ರಲ್ಲಿ ಈಗ ತಾಮ್ರ ಉಂಟು ಅಂತ ಗೊತ್ತಾಯ್ತು, ಹಾಗೇ ಸಿಂಕಿಗೆ ಬಿಡ್ಲಿಕ್ಕೆ ಮನಸ್ಸಾಗುದಿಲ್ಲ. ಎಂತ ಮಾಡುದು?

ಲ್ಯಾಬ್_ಮೇಡಂ_ಮಣಿಪಾಲ

ಸಿಂಕಿಗೂ ಬೇಡ, ತೋಟಕ್ಕೂ ಬೇಡ. ಎಲ್ಲ ವಾಶ್ ನೀರನ್ನು ಒಂದೇ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕ್ತಾ ಬಾ. ಎಚ್‌ಸಿಎಲ್ ವಾಶ್ ಆದ್ರೆ ಸುಣ್ಣ ಕದಡಿದ ನೀರು ಹಾಕಿ ಪಿಎಚ್ 9ರ ಹತ್ರ ತಂದು ಒಂದು ದಿನ ಹಾಗೇ ಬಿಡು, ತಾಮ್ರ ಹೈಡ್ರಾಕ್ಸೈಡ್ ಆಗಿ ಅಡಿಗೆ ಕೂರ್ತದೆ. ಮೇಲಿನ ತಿಳಿಯಲ್ಲಿ ಒಂದಿಷ್ಟು ತಗೊಂಡು ಅದೇ ಅಮೋನಿಯಾ ಟೆಸ್ಟ್ ಮಾಡು, ಬಣ್ಣ ಬಾರದಿದ್ರೆ ನ್ಯೂಟ್ರಲ್ ಮಾಡಿ ಬಿಡ್ಬಹುದು. ಕೆಸರನ್ನು ಸೋಸಿ ಒಣಗಿಸಿ ಲೇಬಲ್ ಹಾಕಿ ಲ್ಯಾಬಿನ ಹೆವಿ ಮೆಟಲ್ ವೇಸ್ಟ್ ಡಬ್ಬಕ್ಕೆ ಹಾಕು. ಸಿಟ್ರಿಕ್ ಆಸಿಡಲ್ಲಿ ನೆನೆಹಾಕಿದ್ರೆ ಮಾತ್ರ ಈ ಉಪಾಯ ಸರಿಯಾಗಿ ಆಗುದಿಲ್ಲ, ಸಿಟ್ರೇಟ್ ತಾಮ್ರವನ್ನು ಹಿಡಿದಿಟ್ಟುಕೊಳ್ತದೆ, ಅಡಿಗೆ ಬಿಡುದಿಲ್ಲ. ಹಾಗಾಗಿ ನೀನು ಎಚ್‌ಸಿಎಲ್‌ನಲ್ಲೇ ಮಾಡು.